ಮೀನಿನ ವಯಸ್ಸು ಓದುತ್ತಿದ್ದವನು

ನನ್ನ ಗೆಳೆಯ ತನ್ನ ತಪ್ಪನ್ನು ತಾನೇ ಹಿಡಿದ. ಯಾರೂ ಕೇಳದಿದ್ದರೂ ಎಲ್ಲರ ಮುಂದೆ ನಿಂತು ಹೇಳಿದ. ಹೇಳಿದ ಮೇಲೆ ಮೂರು ವರ್ಷ ಎರಡು ತಿಂಗಳು ಬದುಕಿದ್ದ. ಅಷ್ಟೂ ದಿನ ಅವನಿಗಿದ್ದದ್ದು ಒಂದೇ ಆಸೆ. ನಮ್ಮ ಕೆರೆಯಲ್ಲಿ ವಯಸ್ಸಾದ ಗೆಂಡೆ ಮೀನು ಮತ್ತೆ ಕಾಣಿಸಬೇಕು. ಅಲ್ಲಿಯವರೆಗೆ ಮೀನುಗಾರರು ದೊಡ್ಡ ಕಣ್ಣಿನ ಬಲೆಯನ್ನು ಕೈಬಿಡಬಾರದು. ಆ ಆಸೆಗಾಗಿ ಅವನು ಕೊಟ್ಟದ್ದು ಅವನ ಹತ್ತಿರ ಇದ್ದ ಒಂದೇ ಒಂದು ಸಂಪತ್ತನ್ನು, ಅಂದರೆ ಬೆಳಗಿನ ಹೊತ್ತು ದೋಣಿಕಟ್ಟೆಯಲ್ಲಿ ಅವನಿಗೆ ಸಿಗುತ್ತಿದ್ದ ಜನರ ಮಾತನ್ನು.

ನಾನು ಮೀನುಗಾರರ ಸಂಘದ ಗುಮಾಸ್ತ. ಅವನು ಮೀನುಗಾರಿಕೆ ಇಲಾಖೆಯ ನೌಕರ. ನಮ್ಮಿಬ್ಬರ ಕೋಣೆಗಳು ಒಂದೇ ಕಟ್ಟಡದಲ್ಲಿ, ಮಂಜುಗಡ್ಡೆಯ ಗೋದಾಮಿನ ಮೇಲೆ ಇದ್ದವು. ನೆಲ ಯಾವಾಗಲೂ ತಣ್ಣಗಿರುತ್ತಿತ್ತು; ಬೇಸಿಗೆಯಲ್ಲೂ ನಾವು ಕಾಲುಚೀಲ ಹಾಕಿಕೊಂಡೇ ಕೆಲಸ ಮಾಡುತ್ತಿದ್ದೆವು. ಅವನ ಮನೆಯೂ ಅದೇ ಸಾಲಿನ ಕೊನೆಯ ಎರಡು ಕೋಣೆಗಳು. ಇಲ್ಲಿಗೆ ಬಂದಾಗ ಅವನಿಗೆ ಮೂವತ್ಮೂರು, ಹೋದಾಗ ಐವತ್ತೈದು. ಮದುವೆಯಾಗಲಿಲ್ಲ. ಎರಡು ಗಂಟೆ ಬಸ್ಸಿನ ದೂರದಲ್ಲಿ ಅಕ್ಕ, ಭಾವ ಇದ್ದರು. ಅಕ್ಕ ಭಾನುವಾರ ಫೋನ್ ಮಾಡುತ್ತಿದ್ದರು. ಭಾವ ಹಿಂದಿನಿಂದ ಕೂಗಿ ಹೇಳುವುದು ನನಗೂ ಕೇಳುತ್ತಿತ್ತು: "ಮೀನಿಗೆ ಎಷ್ಟು ವಯಸ್ಸು ಅಂತ ನೋಡ್ತಾ ನೋಡ್ತಾ ನಿಂಗೆಷ್ಟಾಯ್ತು ಅನ್ನೋದೇ ಮರೆತುಬಿಟ್ಟೆಯಲ್ಲೋ!"

ಅವನ ಕೆಲಸ ಅದೇ, ಮೀನಿನ ವಯಸ್ಸು ನೋಡುವುದು. ದೋಣಿಗಳು ಬೆಳಿಗ್ಗೆ ದಡಕ್ಕೆ ಬಂದಾಗ ಅವನು ಕಟ್ಟೆಯ ಮೇಲಿನ ಬೆಂಚಿನಲ್ಲಿ ಕುಳಿತಿರುತ್ತಿದ್ದ. ತೂಕಕ್ಕೆ ಬಂದ ಮೀನುಗಳಲ್ಲಿ ಕೆಲವನ್ನು ಆರಿಸಿ, ಉದ್ದ ಅಳೆದು, ಬೆನ್ನಿನ ರೆಕ್ಕೆಯ ಕೆಳಗೆ ಎಡಮಗ್ಗುಲಿನಿಂದ ಚಿಮಟದಲ್ಲಿ ನಾಲ್ಕೈದು ಹುರುಪೆ, ಅಂದರೆ ಮೈಮೇಲಿನ ಚಿಪ್ಪು, ಕೀಳುತ್ತಿದ್ದ. ಅವನ್ನು ಸಣ್ಣ ಕಾಗದದ ಲಕೋಟೆಯಲ್ಲಿ ಹಾಕಿ ಮೇಲೆ ದಿನ, ಉದ್ದ, ತೂಕ ಬರೆಯುತ್ತಿದ್ದ. ಮಧ್ಯಾಹ್ನ ಅವು ಸೋಪಿನ ನೀರಿನಲ್ಲಿ ನೆನೆದು, ಎರಡು ಗಾಜಿನ ಪಟ್ಟಿಗಳ ನಡುವೆ ಸಿಕ್ಕಿಕೊಂಡು, ಮೈಕ್ರೋಸ್ಕೋಪಿನ ಕೆಳಗೆ ಬರುತ್ತಿದ್ದವು. ಮೀನು ಚೆನ್ನಾಗಿ ತಿಂದು ಬೆಳೆಯುವಾಗ ಹುರುಪೆಯ ಗೆರೆಗಳು ದೂರ ದೂರ ಇರುತ್ತವೆ. ಚಳಿಗೆ ನೀರು ತಣ್ಣಗಾಗಿ ಬೆಳವಣಿಗೆ ನಿಂತಾಗ ಒತ್ತೊತ್ತಾಗಿ ಒಂದು ಕಪ್ಪು ಸುತ್ತಾಗುತ್ತವೆ. ಮರ ಕಡಿದಾಗ ಕಾಣುವ ಸುತ್ತಿನ ಹಾಗೆ. ಒಂದು ಸುತ್ತು, ಒಂದು ವರ್ಷ.

ಇದನ್ನು ಮೊದಲ ಸಲ ಮೀನುಗಾರರಿಗೆ ತೋರಿಸಿದ ದಿನ ಕೋಣೆಯ ಬಾಗಿಲಿನವರೆಗೆ ಜನ. ಸಂಘದ ಅಧ್ಯಕ್ಷರು (ಎರಡು ದೋಣಿಯ ಒಡೆಯರು, ದೊಡ್ಡ ಗಂಟಲಿನವರು) ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದರು.

"ಐದು ಸುತ್ತು. ಐದು ವರ್ಷವಾ ಸಾರ್?"

"ಐದು ವರ್ಷ."

"ಹಾಗಾದ್ರೆ ನೀವು ಜೋಯಿಸ್ರು ಬಿಡಿ. ಹುಟ್ಟಿದ್ದೂ ಹೇಳ್ತೀರಿ. ಸಾಯೋದು ಯಾವಾಗ ಅಂತ?"

"ಅದು ಇವತ್ತು ಬೆಳಿಗ್ಗೆ, ನಿಮ್ಮ ಬಲೆಯಲ್ಲಿ."

ಜನ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅವನು ಎಲ್ಲರಿಗೂ ಜೋಯಿಸರೇ ಆದ. ಹೆಸರು ಹಿಡಿದು ಕರೆಯುವವರು ಅಕ್ಕ, ಭಾವ, ನಾನು, ಮೂವರೇ ಉಳಿದೆವು.

ಮೊದಲ ಆರು ವರ್ಷ ಅವನ ಲೆಕ್ಕ ಸರಿಯಾಗಿಯೇ ಇತ್ತು. ಆಮೇಲೆ ಕೆರೆಗೆ ಹೊಸ ತೂಬು ಬಂತು. ಆಚೆ ದಡದ ಪಟ್ಟಣಕ್ಕೆ ನೀರು ಬೇಕಾಗಿತ್ತು. ಪ್ರತಿ ಬೇಸಿಗೆಯಲ್ಲೂ ಮೂರು ವಾರದಲ್ಲಿ ಕೆರೆಯನ್ನು ಆಳೆತ್ತರ ಇಳಿಸತೊಡಗಿದರು. ದಡದ ಜೊಂಡು ಒಣಗಿ ಕೆಸರು ಬಿರುಕು ಬಿಡುತ್ತಿತ್ತು. ನಮಗೆ ಅದರಿಂದಾದ ತೊಂದರೆಯೆಂದರೆ ದೋಣಿಯನ್ನು ಕೆಸರಿನಲ್ಲಿ ಎಳೆಯುವುದು, ಅಷ್ಟೇ. ಮತ್ತೆ ನೀರು ತುಂಬಿದ ಮೇಲೆ ಯಾರಿಗೂ ಅದರ ನೆನಪಿರುತ್ತಿರಲಿಲ್ಲ.

ನಾಲ್ಕು ವರ್ಷ ಹೀಗೆ ಕಳೆದಾಗ ಅವನ ಮೈಕ್ರೋಸ್ಕೋಪಿನ ಕೆಳಗೆ ವಿಚಿತ್ರವೊಂದು ಕಂಡಿತು. ಮೀನು ಮೊಳದುದ್ದ, ಹುರುಪೆಯಲ್ಲಿ ಏಳೆಂಟು ಸುತ್ತು. ಹಿಂದೆ ಎಂಟು ಸುತ್ತಿನ ಗೆಂಡೆಯನ್ನು ತಕ್ಕಡಿಗೆ ಹಾಕಲು ಇಬ್ಬರು ಬೇಕಾಗುತ್ತಿದ್ದರು. ಅವನು ಪುಸ್ತಕ ತೆಗೆದ, ಲೆಕ್ಕ ಹಾಕಿದ, ಒಂದು ತೀರ್ಮಾನಕ್ಕೆ ಬಂದ. ಕೆರೆಯಲ್ಲಿ ಮೀನು ವಿಪರೀತ ಹೆಚ್ಚಿದೆ; ತಿನ್ನಲು ಸಾಲದೆ ಎಲ್ಲವೂ ಕುಗ್ಗಿವೆ; ವಯಸ್ಸಾಗಿದೆ, ಮೈ ಬಂದಿಲ್ಲ. ಇದಕ್ಕೆ ಮದ್ದೆಂದರೆ ಮೀನಿನ ಸಂಖ್ಯೆ ಕಡಿಮೆ ಮಾಡುವುದು. ನಾಲ್ಕು ಬೆರಳು ತೂರುವ ಕಣ್ಣಿನ ಬಲೆಯ ಬದಲು ಮೂರು ಬೆರಳಿನ ಬಲೆ ಹಾಕಲಿ ಎಂದು ಬರೆದ. ಆ ವರದಿಯನ್ನು ಬೆರಳಚ್ಚು ಮಾಡಿದವನು ನಾನೇ.

ಮೀನುಗಾರರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುವುದೊಂದು ಬಾಕಿ. ಸಣ್ಣ ಕಣ್ಣಿನ ಬಲೆ ಹಾಕಿ ಎಂದು ಇಲಾಖೆಯವನೇ ಹೇಳುವುದನ್ನು ಯಾರು ಕೇಳಿದ್ದಾರೆ? ಮೊದಲ ಎರಡು ವರ್ಷ ದೋಣಿಗಳು ತುಂಬಿ ಬಂದವು. ಅವನ ಬೆಂಚಿನ ಮೇಲೆ ಜಾಗವಿರುತ್ತಿರಲಿಲ್ಲ. ಒಬ್ಬರು ಚಹಾ ತಂದುಕೊಡುವರು, ಒಬ್ಬರು ಮಗಳ ಪರೀಕ್ಷೆಯ ಅಂಕ ತೋರಿಸುವರು, ಇನ್ನೊಬ್ಬರು ಬೆನ್ನುನೋವಿಗೆ ಯಾವ ಡಾಕ್ಟರ ಹತ್ತಿರ ಹೋಗಲಿ ಎಂದು ಕೇಳುವರು. ಆ ಎರಡು ತಣ್ಣನೆಯ ಕೋಣೆಗಳಲ್ಲಿ ಒಬ್ಬನೇ ಮಲಗಿ ಏಳುತ್ತಿದ್ದವನಿಗೆ ಬೆಳಗಿನ ಆ ಮೂರು ಗಂಟೆಯೇ ಸಂಸಾರವಾಗಿತ್ತು.

ಒಬ್ಬರು ಮಾತ್ರ ಅವನ ಮಾತನ್ನು ಒಪ್ಪಲಿಲ್ಲ. ತೂಕ ಹಾಕುವ ಹೆಂಗಸು. ಎಲ್ಲರೂ ಅವರನ್ನು ತಕ್ಕಡಿ ಅಕ್ಕ ಎನ್ನುತ್ತಿದ್ದರು. ಮೂವತ್ತು ವರ್ಷದಿಂದ ಮೀನು ಮುಟ್ಟಿದ ಕೈ ಅವರದು.

"ಸಾರ್, ಇವು ಎಂಟು ವರ್ಷದ ಮೀನಲ್ಲ. ಬೆನ್ನು ಒತ್ತಿ ನೋಡಿ, ಎಷ್ಟು ಮೆತ್ತಗಿದೆ. ತುಟಿ ನೋಡಿ. ಎಳೆಯವು."

"ಊಟ ಸಾಲದೆ ಹಾಗಾಗಿದೆ ಅಕ್ಕ. ಲೆನ್ಸಿನಲ್ಲಿ ಸುತ್ತು ಕಾಣ್ತಿದೆಯಲ್ಲ."

"ನನ್ ಕೈಗೆ ಲೆನ್ಸ್ ಇಲ್ಲಪ್ಪ. ಊಟ ಸಾಲದ ಮೀನಿನ ಹೊಟ್ಟೆ ಒಳಗೆ ಹೋಗಿರುತ್ತೆ. ಇದರ ಹೊಟ್ಟೆ ಗುಂಡಗಿದೆ. ಹೋಗ್ಲಿ ಬಿಡಿ, ಓದಿದೋರು ನೀವು."

ಅವನು ನಕ್ಕ. ನಾನೂ ನಕ್ಕೆ.

ಮೂರನೆಯ ವರ್ಷದಿಂದ ಮೀನಿನ ಹಿಡಿತ ಇಳಿಯತೊಡಗಿತು. ಮೀನು ಇನ್ನೂ ಕಡಿಮೆಯಾಗಬೇಕು, ಸ್ವಲ್ಪ ತಾಳಿ ಎಂದ. ಐದು, ಆರು, ಏಳು ವರ್ಷ ಕಳೆದವು. ಸಣ್ಣ ಬಲೆ ಬಂದ ಎಂಟನೆಯ ವರ್ಷದ ಒಂದು ಬೆಳಿಗ್ಗೆ ಅಧ್ಯಕ್ಷರ ದೋಣಿಯಲ್ಲಿ ಒಂದು ಗೆಂಡೆ ಬಂತು. ಅದರ ಹೊಟ್ಟೆಯ ಎಡರೆಕ್ಕೆ ಇರಲಿಲ್ಲ. ಅವನು ಅದನ್ನು ಕೈಯಲ್ಲಿ ಹಿಡಿದು ಹಿಗ್ಗಿದ. ಮೂರು ವರ್ಷದ ಹಿಂದೆ ಮರಿಸಾಕಣೆಯಿಂದ ಬಂದ ಎರಡು ಸಾವಿರ ಮೀನುಮರಿಗಳಿಗೆ ಆ ಒಂದು ರೆಕ್ಕೆಯನ್ನು ಬುಡದಿಂದ ಕತ್ತರಿಸಿ ಕೆರೆಗೆ ಬಿಟ್ಟಿದ್ದ. ಬುಡಕ್ಕೆ ಕತ್ತರಿಸಿದರೆ ರೆಕ್ಕೆ ಮತ್ತೆ ಸರಿಯಾಗಿ ಬೆಳೆಯುವುದಿಲ್ಲ. ಎಷ್ಟು ಮರಿಗಳು ಬದುಕುತ್ತವೆ ಎಂದು ತಿಳಿಯುವುದಕ್ಕಾಗಿ ಮಾಡಿದ ಗುರುತು ಅದು. ಒಂದು ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಹುರುಪೆ ಕಿತ್ತುಕೊಂಡು ಮೇಲೆ ಬಂದ.

ಮಧ್ಯಾಹ್ನ ನಾನು ಊಟದ ಡಬ್ಬಿ ಹಿಡಿದು ಅವನ ಕೋಣೆಗೆ ಹೋದಾಗ ಅವನು ಕಿಟಕಿಯ ಹತ್ತಿರ ನಿಂತಿದ್ದ.

"ಅದನ್ನ ನೋಡಿ ಎಷ್ಟು ಸುತ್ತಿದೆ ಹೇಳು," ಎಂದ.

ಇಷ್ಟು ವರ್ಷ ಜೊತೆಗಿದ್ದು ನನಗೂ ಅಷ್ಟು ಎಣಿಸಲು ಬರುತ್ತಿತ್ತು. "ಆರು," ಎಂದೆ.

"ನಾನೇ ಬಿಟ್ಟ ಮೀನು ಕಣೋ ಅದು. ಅದಕ್ಕೆ ಮೂರು ವರ್ಷ."

ನನಗೆ ತಕ್ಷಣ ತಿಳಿಯಲಿಲ್ಲ. ಅವನೇ ಬಿಡಿಸಿ ಹೇಳಿದ. ಚಳಿಯಲ್ಲಿ ಒಂದು ಸುತ್ತು. ಬೇಸಿಗೆಯಲ್ಲಿ ತೂಬು ತೆರೆದು ನೀರಿಳಿಸಿದಾಗ ದಡದ ಆಹಾರವೆಲ್ಲ ಒಣಗಿ, ಮೀನು ತಿಂಗಳುಗಟ್ಟಲೆ ಹಸಿದು, ಇನ್ನೊಂದು ಸುತ್ತು. ತೂಬು ಬಂದ ದಿನದಿಂದ ವರ್ಷಕ್ಕೆ ಎರಡು. ಅವನು ಎಂಟು ವರ್ಷ ಎಂದು ಬರೆದ ಮೀನುಗಳೆಲ್ಲ ನಾಲ್ಕು ವರ್ಷದವು. ಕೆರೆಯಲ್ಲಿ ಮೀನು ಹೆಚ್ಚಿರಲಿಲ್ಲ, ಕುಗ್ಗಿರಲೂ ಇಲ್ಲ. ಎಲ್ಲವೂ ಎಳೆಯವು, ಸರಿಯಾಗಿಯೇ ಬೆಳೆಯುತ್ತಿದ್ದವು. ಒಂದು ಸಲ ಮೊಟ್ಟೆಯಿಡುವ ಮೊದಲೇ ಮೂರು ಬೆರಳಿನ ಬಲೆಯಲ್ಲಿ ಸಿಕ್ಕಿ ಬೀಳುತ್ತಿದ್ದವು. ನಿಜವಾಗಿ ವಯಸ್ಸಾದ ಗೆಂಡೆ ಒಂದೂ ಉಳಿದಿರಲಿಲ್ಲ.

"ಕಿಟಕಿಯಿಂದ ನೋಡಿದ್ರೆ ಕಾಣುತ್ತೆ, ನೀರು ಎಷ್ಟು ಕೆಳಗೆ ಹೋಗುತ್ತೆ ಅಂತ," ಎಂದ. "ಪ್ರತಿ ಬೇಸಿಗೆ ಇಲ್ಲೇ ಕೂತಿದ್ದೆ. ತಲೆ ಎತ್ತಲಿಲ್ಲ."

ಡಬ್ಬಿ ಹಾಗೆಯೇ ತಣ್ಣಗಾಯಿತು. ಮುಂದಿನ ಎರಡು ವಾರ ಹಳೆಯ ಲಕೋಟೆಗಳನ್ನೆಲ್ಲ ತೆಗೆದು ಮತ್ತೆ ಓದಿದ. ಬೇಸಿಗೆಯ ಸುತ್ತು ಚಳಿಯ ಸುತ್ತಿಗಿಂತ ತೆಳ್ಳಗಿರುತ್ತದೆ. ಗೊತ್ತಿದ್ದು ನೋಡಿದರೆ ಬೇರ್ಪಡಿಸಬಹುದು. ಗೊತ್ತಿಲ್ಲದವನಿಗೆ ಎರಡೂ ಒಂದೇ.

ಮೊದಲು ಹೋದದ್ದು ತಕ್ಕಡಿ ಅಕ್ಕನ ಹತ್ತಿರ. ಅವರು ತಕ್ಕಡಿಯ ತಟ್ಟೆ ತೊಳೆಯುತ್ತಿದ್ದರು. ಪೂರ್ತಿ ಕೇಳಿದರು.

"ನಾನು ಹೇಳಿದ್ದೆ ಅಂತ ನಾನು ಹೇಳಲ್ಲ," ಎಂದರು. "ಹೇಳಿದ್ದೆ. ಆದ್ರೂ ಹೇಳಲ್ಲ." ಆಮೇಲೆ ಕೈ ಒರೆಸಿಕೊಂಡು, "ಇದನ್ನ ಅವರಿಗೆಲ್ಲ ಹೇಳ್ಬೇಕಾ? ಬಲೆ ಬದಲಾಯಿಸಿ ಅಂತ ಸುಮ್ನೆ ಒಂದು ಆರ್ಡರ್ ತರಿಸಿದ್ರೆ ಸಾಕಲ್ವಾ?" ಎಂದು ಕೇಳಿದರು.

ಅವನ ಮೇಲಧಿಕಾರಿಯೂ ಅದನ್ನೇ ಹೇಳಿದರು. ಪರಿಸ್ಥಿತಿ ಬದಲಾಗಿದೆ ಎಂದು ಬರೆದು ಮುಗಿಸಿ, ನೀವೇ ಯಾಕೆ ಕೊರಳು ಕೊಡುತ್ತೀರಿ ಎಂದರು. ವರದಿ ಬೆರಳಚ್ಚು ಮಾಡಲು ನನ್ನ ಹತ್ತಿರ ಬಂತು. ಮೊದಲ ಸಾಲೇ "ಹನ್ನೆರಡು ವರ್ಷದಿಂದ ನಾನು ಮೀನಿನ ವಯಸ್ಸನ್ನು ತಪ್ಪಾಗಿ ಓದಿದ್ದೇನೆ."

"ಸ್ವಲ್ಪ ಮೆತ್ತಗೆ ಮಾಡ್ಲಾ?" ಎಂದೆ. "ತೂಬಿನ ವಿಷಯ ಮೊದಲು ಬರಲಿ."

"ಸಣ್ಣ ಬಲೆ ಹಾಕಿ ಅಂತ ತೂಬು ಅಂದಿತ್ತಾ? ನಾನಲ್ವಾ ಅಂದದ್ದು? ಈಗ ಸುಮ್ನೆ ಆರ್ಡರ್ ಬಂದ್ರೆ, ಇದೂ ಇಲಾಖೆಯವರ ಹುಚ್ಚು ಅಂತ ಆರು ತಿಂಗಳಿಗೆ ಮತ್ತೆ ಮೂರು ಬೆರಳು ಹಾಕ್ತಾರೆ. ಯಾಕೆ ಅಂತ ಗೊತ್ತಿರಬೇಕು ಅವರಿಗೆ. ನಾಲ್ಕು ವರ್ಷವಾದ್ರೂ ದೊಡ್ಡ ಕಣ್ಣು ನಿಲ್ಲಬೇಕು ಕಣಯ್ಯ. ಒಂದು ಮೀನಿಗೆ ಎರಡು ಸಲ ಮೊಟ್ಟೆಯಿಡೋಕೆ ಅಷ್ಟು ಬೇಕು."

ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದ. ಎರಡು ಹುರುಪೆಯ ಚಿತ್ರಗಳನ್ನು ದೊಡ್ಡದಾಗಿ ಬರೆದುಕೊಂಡು ಬಂದಿದ್ದ. ಆಮೇಲೆ ಅಧ್ಯಕ್ಷರು ಎದ್ದರು.

"ಅಂದ್ರೆ ಎಂಟು ವರ್ಷ ನಾವು ನಮ್ಮ ಕೆರೆನ ನಮ್ಮ ಕೈಯಾರೆ ಖಾಲಿ ಮಾಡಿದ್ವಿ. ನೀವು ಹೇಳಿದ್ರಿ ಅಂತ."

"ಹೌದು."

"ಈಗ ದೊಡ್ಡ ಬಲೆ ಹಾಕಿ, ನಾಲ್ಕು ವರ್ಷ ಅರೆಹೊಟ್ಟೇಲಿರಿ ಅಂತೀರಿ."

"ಮೊದಲ ಎರಡು ವರ್ಷ ಕಷ್ಟ ಆಗುತ್ತೆ."

"ನಾಲ್ಕು ವರ್ಷ ಆದ್ಮೇಲೆ ಇನ್ನೊಂದ್ ಸಲ ಬಂದು, ತಪ್ಪಾಯ್ತು, ಅದು ಮೀನೇ ಅಲ್ಲ, ಮೊಸಳೆ ಅಂತೀರಾ?"

ಯಾರೋ ಕಿಸಕ್ಕೆಂದರು. ಅವನೂ ನಗಲು ನೋಡಿದ, ಆಗಲಿಲ್ಲ. ಅಧ್ಯಕ್ಷರು ನಗುತ್ತಿರಲಿಲ್ಲ. ಅವರ ಎರಡನೆಯ ಮಗ ಹಿಂದಿನ ವರ್ಷವಷ್ಟೇ ಹಿಡಿತ ಸಾಲದೆಂದು ದೋಣಿ ಬಿಟ್ಟು ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಗಿದ್ದ.

ಇಲಾಖೆಯ ಆದೇಶ ಬಂತು. ನಾಲ್ಕು ಬೆರಳಿನ ಬಲೆ, ನಾಲ್ಕು ವರ್ಷ. ಆಮೇಲೆ ಸಂಘವೇ ನಿರ್ಧರಿಸಲಿ. ಬಲೆ ಬದಲಾಯಿತು. ಮೊದಲ ವರ್ಷ ಹಿಡಿತ ಅರ್ಧಕ್ಕಿಳಿಯಿತು.

ಅವನಿಗೆ ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆ ಅವನು ಬೆಂಚಿನಲ್ಲಿ ಕುಳಿತರೆ ಆ ಬೆಂಚಿಗೆ ಇನ್ನೊಬ್ಬರು ಬರುತ್ತಿರಲಿಲ್ಲ. ಬುಟ್ಟಿ ಇಳಿಸುವರು, ತೂಕ ಹಾಕಿಸುವರು, ಹೋಗುವರು. ಅವನು ಎದ್ದು ಹೋಗಿ ಮೀನು ಆರಿಸಿ ಅಳೆಯುತ್ತಿದ್ದರೆ ಆ ಮೀನಿನ ಒಡೆಯ ನೀರಿನ ಕಡೆ ಮುಖ ಮಾಡಿ ಕಾಯುತ್ತಿದ್ದ. ಜೋಯಿಸ್ರೇ ಎಂಬ ಕರೆ ನಿಂತುಹೋಯಿತು. "ಸಾರ್, ಆಯ್ತಾ?" ಎಂಬುದೊಂದು ಉಳಿಯಿತು. ಚಹಾದ ಅಂಗಡಿಯವನು ಮಾತ್ರ ಮೊದಲಿನಂತೆಯೇ ಚಹಾ ಕೊಡುತ್ತಿದ್ದ. ಆದರೆ ಅವನು ಎಲ್ಲರಿಗೂ ಮಾತಿಲ್ಲದೆ ಕೊಡುವವನೇ.

ತಕ್ಕಡಿ ಅಕ್ಕ ಕೆಲಸದ ನಡುವೆ ಒಂದೆರಡು ಮಾತಾಡುತ್ತಿದ್ದರು. ನಾನೋ, ಸಂಜೆ ಕಚೇರಿ ಮುಚ್ಚಿದ ಮೇಲೆ ಅವನ ಕೋಣೆಗೆ ಹೋಗುತ್ತಿದ್ದೆ. ಬಾಡಿಗೆ ಪುಸ್ತಕಾಲಯದಿಂದ ತಂದ ಪುಸ್ತಕಗಳನ್ನು ಅದಲು ಬದಲು ಮಾಡಿಕೊಳ್ಳುತ್ತಿದ್ದೆವು. ಅವನು ಕಾದಂಬರಿಯ ಕೊನೆಯನ್ನು ಮೊದಲು ಓದುವವನು; ಅದಕ್ಕಾಗಿ ನಾನು ಜಗಳವಾಡುತ್ತಿದ್ದೆ. ಬೆಳಗಿನ ವಿಷಯ ಎತ್ತುತ್ತಿರಲಿಲ್ಲ. ಒಮ್ಮೆ ಮಾತ್ರ ಅವನು ಹೇಳಿದ: "ಇವತ್ತು ನನ್ನ ಗಂಟಲು ಕಟ್ಟಿದೆ ಅಂತ ಗೊತ್ತಾದದ್ದೇ ನೀನು ಬಂದ ಮೇಲೆ. ಬೆಳಗ್ಗಿಂದ ಬಾಯಿ ತೆರೆದಿರಲಿಲ್ಲ."

"ವರ್ಗ ಕೇಳು," ಎಂದೆ. "ಬೇರೆ ಕೆರೆಗೆ ಹೋಗು."

"ಇವು ದೊಡ್ಡದಾಗೋದನ್ನ ಯಾರು ನೋಡ್ತಾರೆ?"

ಅವನ ಆರೋಗ್ಯ ಹೇಗೆ ಕೆಟ್ಟಿತೆಂದು ವಿವರವಾಗಿ ಬರೆಯಲು ನನ್ನಿಂದ ಆಗುವುದಿಲ್ಲ. ಶ್ವಾಸಕೋಶ. ಚಳಿಗಾಲದ ಕೆಮ್ಮು ಎಂದುಕೊಂಡಿದ್ದೆವು. ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಒಂಬತ್ತು ದಿನ ಇದ್ದ. ಅಕ್ಕ ಹಗಲೂ ರಾತ್ರಿ ಕುಳಿತಿದ್ದರು, ನಾನು ಮಧ್ಯಾಹ್ನ ಹೋಗುತ್ತಿದ್ದೆ. ಪಕ್ಕದ ಹಾಸಿಗೆಯವನಿಗೆ ನೋಡಲು ಬರುವವರ ಗುಂಪು ಎಷ್ಟಿರುತ್ತಿತ್ತೆಂದರೆ ಅವರಲ್ಲಿ ಇಬ್ಬರು ಇವನ ಹಾಸಿಗೆಯ ಅಂಚಿಗೆ ಕುಳಿತುಕೊಳ್ಳುತ್ತಿದ್ದರು. ಅವನು ಕಾಲು ಮಡಚಿ ಜಾಗ ಕೊಡುತ್ತಿದ್ದ.

"ಐದು ವರ್ಷದ್ದು ಬಂತಾ?" ಎಂದು ದಿನವೂ ಕೇಳುವನು.

ಬಂತು ಎಂದು ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು? ಆದರೆ ಅವನು ಉದ್ದ ಎಷ್ಟು, ತೂಕ ಎಷ್ಟು ಎಂದು ಕೇಳುತ್ತಿದ್ದ. ನನಗೆ ಸುಳ್ಳಿನ ಅಳತೆ ಗೊತ್ತಿರಲಿಲ್ಲ. "ಇನ್ನೂ ಇಲ್ಲ," ಎನ್ನುತ್ತಿದ್ದೆ.

"ಬರುತ್ತೆ. ಇನ್ನೊಂದು ಚಳಿಗಾಲ ಕಳೀಲಿ. ಅಷ್ಟರಲ್ಲಿ ಇವರು ಬಲೆ ಬದಲಾಯಿಸದಿದ್ರೆ ಸಾಕು."

ಮಣ್ಣಿಗೆ ದೋಣಿಕಟ್ಟೆಯಿಂದ ಬಂದವರು ತಕ್ಕಡಿ ಅಕ್ಕ, ಚಹಾದ ಅಂಗಡಿಯವನು. ಉಳಿದವರು ಅಂದು ಕೆರೆಗೆ ಹೋಗಿದ್ದರು. ಒಂದು ವಾರದ ಮೇಲೆ ಅವನ ಅಕ್ಕ ಕೋಣೆ ಖಾಲಿ ಮಾಡಲು ಬಂದರು. ಮಂಚದ ಕೆಳಗೆ, ಅಲಮಾರಿಯಲ್ಲಿ, ಅಡುಗೆಯ ಕಟ್ಟೆಯ ಮೇಲೆ ಕೂಡ ಲಕೋಟೆಗಳ ಪೆಟ್ಟಿಗೆಗಳು. ಅವರು ಒಂದನ್ನು ತೆರೆದು ಅಂಗೈಗೆ ಸುರಿದುಕೊಂಡರು.

"ಹುಡುಗಿ ನೋಡೋಣ ಬಾ ಅಂದ್ರೆ ಬರ್ತಿರಲಿಲ್ಲ," ಎಂದರು. "ಬಂದ್ರೂ ಅವಳನ್ನ ಎಲ್ಲಿ ಮಲಗಿಸ್ತಿದ್ದ?" ನಗಲು ಹೊರಟು ಅತ್ತರು. ನಾನು ಪೆಟ್ಟಿಗೆಗಳನ್ನು ಕಚೇರಿಗೆ ಸಾಗಿಸಿದೆ. ಅವನ ಹುದ್ದೆಗೆ ಇಲಾಖೆ ಯಾರನ್ನೂ ಕಳಿಸಲಿಲ್ಲ.

ಅವನು ಹೋಗಿ ಹತ್ತು ತಿಂಗಳಾದಾಗ ನಾಲ್ಕು ವರ್ಷದ ಅವಧಿ ಮುಗಿಯಿತು. ಬಲೆಯ ವಿಷಯ ಸಂಘದ ಸಭೆಗೆ ಬಂತು. ಮೂವತ್ತೇಳು ಜನ ಸದಸ್ಯರು. ಕೈ ಎತ್ತಿಸಿ ಎಣಿಸುವುದು ನಮ್ಮ ಕ್ರಮ. ಮೂರು ಬೆರಳಿಗೆ ಹೋಗೋಣ ಎಂದವರು ಮೊದಲು ಮಾತಾಡಿದರು. ಇಷ್ಟು ವರ್ಷ ಕಾದದ್ದಾಯಿತು, ಹಿಡಿತ ಹೆಚ್ಚಲಿಲ್ಲ, ಜೋಯಿಸರೂ ಇಲ್ಲ, ಇನ್ನು ಯಾರ ಮಾತಿಗೆ ಕಾಯಬೇಕು ಎಂದರು. ಸುಳ್ಳಾಗಿರಲಿಲ್ಲ, ಹಿಡಿತ ಎಣಿಕೆಯಲ್ಲಿ ಇನ್ನೂ ಕಡಿಮೆಯೇ ಇತ್ತು.

ತಕ್ಕಡಿ ಅಕ್ಕ ಸದಸ್ಯೆಯಲ್ಲ. ಬಾಗಿಲ ಬಳಿ ನಿಂತಿದ್ದರು. ಅಲ್ಲಿಂದಲೇ ಹೇಳಿದರು:

"ಈ ತಿಂಗಳು ನಾಲ್ಕು ಗೆಂಡೆ ಬಂದ್ವು. ಒಂದೇ ಕೈಯಲ್ಲಿ ತಟ್ಟೆಗೆ ಹಾಕೋಕಾಗಲಿಲ್ಲ ನಂಗೆ. ಬೆನ್ನು ಹಲಗೆ ಥರ ಇತ್ತು. ನಿಮ್ಮಲ್ಲಿ ನಾಲ್ಕು ಜನಕ್ಕೆ ಗೊತ್ತು, ನಿಮ್ಮ ಬುಟ್ಟಿಯಿಂದಲೇ ಬಂದದ್ದು. ಬಾಯಿ ಬಿಡ್ರಪ್ಪ."

ನಾಲ್ವರೂ ಬಾಯಿ ಬಿಡಲಿಲ್ಲ. ಅಧ್ಯಕ್ಷರು ಕೈ ಎತ್ತಲು ಹೇಳಿದರು. ಮೂರು ಬೆರಳಿಗೆ ಹದಿನೇಳು ಕೈ. ನಾಲ್ಕು ಬೆರಳಿಗೆ ನಾನು ಎಣಿಸಿದೆ: ಹತ್ತೊಂಬತ್ತು. ಒಬ್ಬರು ಯಾವ ಕಡೆಗೂ ಎತ್ತಿರಲಿಲ್ಲ, ಅಧ್ಯಕ್ಷರು. ಎಣಿಕೆ ಮುಗಿದ ಮೇಲೆ ಅವರು ಕೈ ಎತ್ತಿದರು. ಅದರ ಅಗತ್ಯವಿರಲಿಲ್ಲ.

"ಇಪ್ಪತ್ತು ಅಂತ ಬರಿ," ಎಂದರು. "ಇನ್ನೂ ನಾಲ್ಕು ವರ್ಷ ದೊಡ್ಡ ಕಣ್ಣೇ."

"ಕಾರಣ ಬರೀಬೇಕಾ? ವರದಿಯ ಪ್ರಕಾರ ಅಂತ?"

"ಕಾರಣ ಯಾಕೆ? ನಿರ್ಣಯ ಬರಿ ಸಾಕು."

ನಡಾವಳಿ ಪುಸ್ತಕದಲ್ಲಿ ಅಷ್ಟೇ ಬರೆದೆ. ಜನ ಚದುರಿದರು. ನಾನು ಕುರ್ಚಿಗಳನ್ನು ಗೋಡೆಗೆ ಸರಿಸುತ್ತಿದ್ದಾಗ ಅಧ್ಯಕ್ಷರು ಹೊರಗೆ ಹೋಗಿದ್ದವರು ಮತ್ತೆ ಒಳಗೆ ಬಂದು ಬಾಗಿಲ ಹತ್ತಿರ ನಿಂತರು. ಯಾವಾಗಲೂ ಕೂಗಿ ಮಾತಾಡುವವರು ಮೆಲ್ಲಗೆ ಕೇಳಿದರು:

"ಕೊನೇಲಿ ಅವರು ನನ್ನ ಬಗ್ಗೆ ಏನಾದ್ರೂ ಅಂದಿದ್ರಾ?"

ಅವನು ಏನೂ ಅಂದಿರಲಿಲ್ಲ. ಮೂರು ವರ್ಷದಲ್ಲಿ ಒಂದು ಸಲವೂ ಯಾರ ಬಗ್ಗೆಯೂ ಅಂದಿರಲಿಲ್ಲ. "ಇಲ್ಲ," ಎಂದೆ.

"ಹೂಂ." ಹೊರಡಲು ತಿರುಗಿದರು. "ನೀನಾದ್ರೂ ಇದ್ದೆಯಲ್ಲ ಜೊತೇಲಿ."

ನಾನು ಇನ್ನೊಂದು ಕುರ್ಚಿ ಎತ್ತಿಕೊಂಡೆ. ನಾನು ಸಂಘದ ಸಂಬಳದವನು. ದೋಣಿಕಟ್ಟೆಯಲ್ಲಿ ಸದಸ್ಯರೆಲ್ಲರ ಕಣ್ಣೆದುರು ಅವನ ಬೆಂಚಿಗೆ ಹೋಗಿ ಕುಳಿತರೆ ಏನಂದುಕೊಳ್ಳುತ್ತಾರೋ ಎಂದು ಆ ಮೂರು ವರ್ಷದಲ್ಲಿ ಒಂದು ದಿನವೂ ಹೋಗಿರಲಿಲ್ಲ. ದಾಖಲೆ ಪುಸ್ತಕ ಹಿಡಿದು ಹತ್ತು ಹೆಜ್ಜೆ ಆಚೆ ನಿಲ್ಲುತ್ತಿದ್ದೆ. ಅವನು ಅದಕ್ಕೂ ಏನೂ ಅಂದಿರಲಿಲ್ಲ.

"ಸಂಜೆ ಹೊತ್ತು ಇರ್ತಿದ್ದೆ," ಎಂದೆ.